ಸ್ಟೆಂಟ್ ಇರುವವರಿಗೆ ಮೊಳೆ (ಪೈಲ್ಸ್): ಬ್ಯಾಂಡ್ ಹಾಕಿಸೋದೋ, ಲೇಸರ್ರೋ?

ಬನವಾಸಿ_ರಸ್ತೆ:
ಅಪ್ಪನಿಗೆ 56. ಶೌಚಕ್ಕೆ ಕೂತಾಗ ಮೊಳೆ ಹೊರಗೆ ಬರ್ತದೆ, ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗ್ತದೆ, ಮೂರನೇ ಹಂತ ಅಂದಿದ್ದಾರೆ. ರಕ್ತವೂ ಹನಿತದೆ. ಒಬ್ಬ ಸರ್ಜನ್ ಬ್ಯಾಂಡ್ ಅಂತಾರೆ, ಇನ್ನೊಬ್ಬರು ಲೇಸರ್. ಹೃದಯಕ್ಕೆ ಸ್ಟೆಂಟ್ ಹಾಕಿ ಎಂಟು ತಿಂಗಳು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಗುಳಿಗೆ ಎರಡೂ ನಡೀತಿವೆ. ಮನೆ ಸಿರ್ಸಿಯಿಂದ ಒಳಗೆ, ಬಸ್ಸು ದಿನಕ್ಕೆರಡೇ.

ಘಟ್ಟದ_ಕೆಳಗೆ:
ಮೊದಲು ಆ ಎರಡು ಗುಳಿಗೆಯ ಮಾತು ಮುಗಿಸಿ. ಬ್ಯಾಂಡ್ ಅಂದ್ರೆ ಪ್ರಾಕ್ಟೋಸ್ಕೋಪ್ (ಗುದದ್ವಾರದೊಳಗೆ ನೋಡುವ ಚಿಕ್ಕ ಕೊಳವೆ) ಒಳಗಿಟ್ಟು, ಮೊಳೆಯ ಬುಡವನ್ನು ಎಳೆದು ಹಿಡಿದು ಪುಟ್ಟ ರಬ್ಬರ್ ಉಂಗುರ ಬಿಗಿಯೋದು. ರಕ್ತ ಸಿಗದೆ ಮೊಳೆ ಕಪ್ಪಾಗಿ 5ರಿಂದ 10 ದಿನದಲ್ಲಿ ಉದುರ್ತದೆ, ಅಲ್ಲೊಂದು ಹಸಿ ಹುಣ್ಣು ಉಳೀತದೆ. ಈ ಗುಳಿಗೆ ತಗೊಳ್ಳುವವರಿಗೆ ಆ ಹುಣ್ಣಿನಿಂದ ಜೋರಾಗಿ ರಕ್ತ ಸುರಿಯಬಹುದು, ಅದೂ ಮನೆಗೆ ಬಂದು ವಾರ ಕಳೆದ ಮೇಲೆ, ಬಸ್ಸಿಲ್ಲದ ರಾತ್ರಿಯಲ್ಲಿ. ಹಾಗಂತ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ಸ್ಟೆಂಟ್ ಕಟ್ಟಿಕೊಂಡರೆ ಜೀವಕ್ಕೇ ಕುತ್ತು. ಬ್ಯಾಂಡ್ ಹಾಕಿಸೋಕೆ ಹೃದಯದ ಡಾಕ್ಟರು ಒಪ್ಪುವ ತನಕ ಕಾಯಿರಿ. ಅಷ್ಟರಲ್ಲಿ ರಕ್ತ ತಡೆಯೋಕೆ ಪಾಲಿಡೋಕೆನಾಲ್ (ಮೊಳೆ ಕುಗ್ಗಿಸುವ ಔಷಧಿ) ಇಂಜೆಕ್ಷನ್ ಆಗ್ತದಾ ಕೇಳಿ. ಹೊರಬರುವ ಮೊಳೆ ಅದರಿಂದ ಪೂರ್ತಿ ಸರಿಹೋಗೋದು ಕಷ್ಟ, ಆದರೆ ರಕ್ತ ಹೋಗೋದು ಕಡಿಮೆಯಾಗ್ತದೆ.

ಅಳಿವೆ_ದಂಡೆ:
ಲೇಸರ್ ಅಂದ ಮಾತ್ರಕ್ಕೆ ಕತ್ತರಿಯೇ ಇಲ್ಲ ಅಂದ್ಕೋಬೇಡಿ. ಚಿಕ್ಕ ತೂತು ಮಾಡಿ, ಮೊಳೆಯೊಳಗೆ ಫೈಬರ್ ತೂರಿಸಿ ಸುಟ್ಟು ಕುಗ್ಗಿಸ್ತಾರೆ. ಸಾಮಾನ್ಯವಾಗಿ ಬೆನ್ನಿಗೆ ಅರಿವಳಿಕೆ ಬೇಕು; ಕ್ಲೊಪಿಡೊಗ್ರೆಲ್ ಇದ್ದರೆ ಅದೇ ತೊಡಕು. ಬ್ಯಾಂಡಿಗೆ ಅರಿವಳಿಕೆಯೇ ಬೇಡ, ಖರ್ಚೂ ಕಡಿಮೆ, ಆದರೆ ಒಂದೇ ಸಲಕ್ಕೆ ಮುಗಿಯೋದು ಅಪರೂಪ. 2016ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಲ್ಲಿ ಒಂದು ಸಲ ಬ್ಯಾಂಡ್ ಹಾಕಿಸಿಕೊಂಡವರಲ್ಲಿ 49% ಜನಕ್ಕೆ ವರ್ಷದೊಳಗೆ ತೊಂದರೆ ಮರುಕಳಿಸಿತ್ತು. ಇನ್ನೊಂದು ಬಗೆಯ ಆಪರೇಷನ್‌ನಲ್ಲಿ, ಅಂದ್ರೆ ಮೊಳೆಗೆ ರಕ್ತ ಕೊಡುವ ನಾಳ ಹುಡುಕಿ ಹೊಲಿಗೆ ಹಾಕಿಸಿಕೊಂಡವರಲ್ಲಿ, 30%. ಹಾಗಾಗಿ "ಎಷ್ಟು ಸಲ ಬರಬೇಕು" ಅಂತ ಮೊದಲೇ ಕೇಳಿ. ಇನ್ನೊಂದು, 56ಕ್ಕೆ ರಕ್ತವೆಲ್ಲ ಮೊಳೆಯದ್ದೇ ಅಂತ ಕೂರಬೇಡಿ. ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡೋದು) ಬೇಕೇ ಅಂತ ಸರ್ಜನ್ ಹತ್ತಿರವೇ ಕೇಳಿ.

ವಾರ್ಡ್_ಅಕ್ಕ:
ಬ್ಯಾಂಡ್ ಹಾಕಿದ ಕೂಡಲೇ ಚುಚ್ಚಿದಂತೆ ಜೋರು ನೋವಾದ್ರೆ ಉಂಗುರ ತೀರಾ ಕೆಳಗೆ, ನೋವು ತಿಳಿಯುವ ಚರ್ಮದ ಹತ್ತಿರ ಬಿದ್ದಿದೆ ಅಂತ. ಟೇಬಲ್ ಮೇಲಿದ್ದಾಗಲೇ ಹೇಳಿ, ತೆಗೆದು ಮೇಲೆ ಹಾಕ್ತಾರೆ. ಮಂದ ಭಾರ, ಶೌಚಕ್ಕೆ ಬಂದಂತಾಗೋದು ಒಂದೆರಡು ದಿನ ಸಹಜ. ಜ್ವರ, ದಿನದಿಂದ ದಿನಕ್ಕೆ ಏರುವ ನೋವು, ಮೂತ್ರ ಕಟ್ಟೋದು, ಈ ಮೂರರಲ್ಲಿ ಒಂದಿದ್ದರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.

ಮಲ ಮೆತ್ತಗಿರಲಿ ಅಂತ ಇಸಬ್‌ಗೋಲ್ ಕೊಡೋದಾದ್ರೆ ಎರಡು ಚಮಚಕ್ಕೆ ದೊಡ್ಡ ಲೋಟ ನೀರು, ಕಲಕಿದ ಕೂಡಲೇ ಕುಡಿಸಿ. ನೀರು ಕಡಿಮೆಯಾದ್ರೆ ಅದೇ ಕಟ್ಟಿಕೊಳ್ತದೆ. ಬರೀ ಗಂಜಿಯಲ್ಲಿ ನಾರಿಲ್ಲ, ಜೊತೆಗೆ ಬಾಳೆದಿಂಡಿನ ಪಲ್ಯ, ಹರಿವೆ ಸೊಪ್ಪು ಇರಲಿ. ಶೌಚಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ, ಮೊಬೈಲ್ ಹೊರಗೇ ಇಡಿಸಿ.