ಪದಚರ್ಚೆ: ಲೇಸರ್ ‘ಅತಿವೇಗ’ದ್ದೋ ‘ಚಿಟಿಕೆ’ಯದೋ?

ಗೆಳೆಯರೇ,

ಮಂಡ್ಯದ ಹೈಸ್ಕೂಲ್ ಮಕ್ಕಳಿಗೆ ಬೆಳಕಿನಿಂದ ಸೂಜಿಗಲ್ಲಿನ ಗುಣ ಬದಲಿಸುವ ವಿಷಯ ಹೇಳಬೇಕಿತ್ತು. ‘ಅಲ್ಟ್ರಾಫಾಸ್ಟ್ ಲೇಸರ್’ ಅನ್ನುವುದಕ್ಕೆ ‘ಅತಿವೇಗದ ಲೇಸರ್’ ಎಂದು ಬರೆದುಕೊಂಡು ಹೋಗಿದ್ದೆ. ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸಾರ್, ಈ ಬೆಳಕು ಬೇರೆ ಬೆಳಕಿಗಿಂತ ಜೋರಾಗಿ ಓಡ್ತದಾ?”

ಓಡುವುದಿಲ್ಲ. ಇದು ಹೊಳೆದು ಆರುವ ಹೊತ್ತು ತೀರಾ ಕಮ್ಮಿ, ಅಷ್ಟೇ. ತಪ್ಪು ನನ್ನ ಪದದ್ದು.

ಎಷ್ಟು ಕಮ್ಮಿ ಅಂದರೆ, ಸೆಕೆಂಡನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ಒಂದು ಫೆಮ್ಟೊಸೆಕೆಂಡ್. ಇಂಥ 100 ಫೆಮ್ಟೊಸೆಕೆಂಡಿನಲ್ಲಿ ಬೆಳಕೇ ತಲೆಗೂದಲಿನ ದಪ್ಪದಷ್ಟು ದೂರ ಹೋಗುವುದಿಲ್ಲ!

ನನಗೆ ಹೊಳೆದ ಪದ ‘ಚಿಟಿಕೆ’. ಚಿಟಿಕೆ ಉಪ್ಪು ಅಂದರೆ ಚೂರೇ ಚೂರು, ಚಿಟಿಕೆ ಹೊಡೆಯುವಷ್ಟರಲ್ಲಿ ಅಂದರೆ ಬೇಗ. ಎರಡೂ ಅರ್ಥ ಇಲ್ಲಿಗೆ ಬೇಕು. ಗೆಳೆಯರೊಬ್ಬರು ‘ಕಿರುಮಿಡಿತ’ ಸಾಕಲ್ವಾ ಅಂದರು. ಚೆನ್ನಾಗಿದೆ, ಆದರೆ ಮಿಡಿತ ಅಂದರೆ ಒಂದರ ಹಿಂದೆ ಇನ್ನೊಂದು ಬರಬೇಕು ಅನಿಸುತ್ತದೆ. ಇಲ್ಲಿ ಒಂದೇ ಒಂದು ಹೊಳಪೂ ಕೆಲಸ ಮುಗಿಸಬಲ್ಲದು.

ಇನ್ನೊಂದು ತೊಡಕು: ಲೇಸರ್ ಸೂಜಿಗಲ್ಲಿಗೆ ಮಾಡುವ ಎರಡು ಬೇರೆ ಬೇರೆ ಕೆಲಸಕ್ಕೆ ಪದ ಬೇಕು. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ತೆಳು ನಿಕಲ್ ಪದರದ ಮೇಲೆ 60 ಫೆಮ್ಟೊಸೆಕೆಂಡಿನ ಲೇಸರ್ ಬಿಟ್ಟಾಗ ಅದರ ಕಾಂತಗುಣ ಥಟ್ಟನೆ ಇಳಿಯಿತು. 2007ರಲ್ಲಿ ನೆದರ್‌ಲೆಂಡ್ಸ್‌ನ ನೈಮೇಗನ್ ತಂಡ ತೋರಿಸಿದ್ದೇ ಬೇರೆ. ಗ್ಯಾಡೊಲಿನಿಯಂ, ಕಬ್ಬಿಣ, ಕೋಬಾಲ್ಟ್ ಬೆರಕೆಯ ಪದರದಲ್ಲಿ 40 ಫೆಮ್ಟೊಸೆಕೆಂಡಿನ ಒಂದೇ ಹೊಳಪಿಗೆ ಕಾಂತದ ದಿಕ್ಕೇ ತಿರುಗಿಬಿತ್ತು. ಹತ್ತಿರ ಬೇರೆ ಸೂಜಿಗಲ್ಲು ಹಿಡಿದಿರಲಿಲ್ಲ. ಬೆಳಕಿನ ಅಲೆ ಮುಂದಕ್ಕೆ ಹೋಗುತ್ತಾ ತಿರುಪಿನ ಹಾಗೆ ಎಡಕ್ಕೆ ಸುತ್ತುತ್ತಿದೆಯೋ ಬಲಕ್ಕೋ ಅನ್ನುವುದೇ ದಿಕ್ಕನ್ನು ತೀರ್ಮಾನಿಸಿತ್ತು.

ನಾನು ಎರಡಕ್ಕೂ ಸುಮ್ನೆ ‘ವಿಕಾಂತೀಕರಣ’ (ಕಾಂತಗುಣ ಕಳೆಯುವುದು) ಎಂದು ಬರೆದಿದ್ದೆ. ಓದಲೂ ಕಷ್ಟ, ಅರ್ಥವೂ ಕಲಸುಮೇಲೋಗರ. ಮೊದಲನೆಯದಕ್ಕೆ ‘ಕುಂದು’ ಸಾಕು: ಕಾಂತ ಕುಂದಿತು. ಎರಡನೆಯದಕ್ಕೆ? ‘ತಿರುವು’ ಅಂದರೆ ನಮ್ಮ ಕಡೆ ಮುದ್ದೆಯ ಹಿಟ್ಟೇ ಕಣ್ಮುಂದೆ ಬರುತ್ತದೆ. ‘ಮಗುಚು’ ನನಗೆ ಇಷ್ಟ. ದೋಸೆ ಮಗುಚಿದ ಹಾಗೆ ಮೇಲಿದ್ದದ್ದು ಕೆಳಗೆ. ಆದರೆ ಕಬ್ಬಿನ ಗಾಡಿ ಮಗುಚಿತು ಅಂದರೆ ಅದು ಅನಾಹುತ, ಬೇಕೆಂದು ಮಾಡಿದ್ದಲ್ಲ.

ಮೈಸೂರಿನವರು ಹೇಳಿ, ಕಾವಲಿ ಮೇಲಿನ ದೋಸೆಗೆ ನಿಮ್ಮ ಮನೆಯಲ್ಲಿ ಯಾವ ಮಾತು? ಮಗುಚುವುದೋ, ತಿರುವಿ ಹಾಕುವುದೋ, ಹೊರಳಿಸುವುದೋ?