‘ನೆರೆ ಸರ್ಕಾರಗಳ ಸಹಕಾರ’: ಇಲ್ಲಿ ‘ನೆರೆ’ ಹೊಂದುತ್ತದೆಯೇ?

ಪದಾಸಕ್ತರೆಲ್ಲರಿಗೂ ವಿರಾಜಪೇಟೆಯಿಂದ ನಮಸ್ಕಾರ.

ಇಲ್ಲಿನ ಶಾಲಾ ಮಕ್ಕಳಿಗಾಗಿ ಕಡಲಿನ ಬಗ್ಗೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಅಕ್ಕಪಕ್ಕದ ಸರ್ಕಾರಗಳು ಸೇರಿ ಒಂದೇ ಕಡಲನ್ನು ಕಾಯುವುದು ಅದರ ಒಂದು ಅಧ್ಯಾಯ. ಬಾಲ್ಟಿಕ್ ದಡದ ಏಳು ದೇಶಗಳು 1974ರಲ್ಲಿ ಹೆಲ್ಸಿಂಕಿಯಲ್ಲಿ ಮಾಡಿಕೊಂಡ ಒಪ್ಪಂದ, 1995ರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಒಪ್ಪಿದ ದಕ್ಷಿಣ ಏಷ್ಯಾ ಕಡಲುಗಳ ಕಾರ್ಯಯೋಜನೆ, 2006ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ, ಒರೆಗಾನ್, ವಾಷಿಂಗ್ಟನ್ ರಾಜ್ಯಗಳ ಗವರ್ನರ್‌ಗಳು ಮಾಡಿಕೊಂಡ ಒಪ್ಪಂದ, ಇವೆಲ್ಲ ಅದರಲ್ಲಿ ಬರುತ್ತವೆ. ವಿಷಯ ಬರೆಯುವುದು ಕಷ್ಟವಾಗಲಿಲ್ಲ. ತಲೆಬರಹದಲ್ಲಿ ಸಿಕ್ಕಿಬಿದ್ದಿದ್ದೇನೆ.

ಮೊದಲು ‘ನೆರೆ ಸರ್ಕಾರಗಳ ಸಹಕಾರ’ ಎಂದು ಬರೆದು ಪಕ್ಕದ ಮನೆಯ ಹುಡುಗಿಗೆ ಓದಲು ಕೊಟ್ಟೆ. “ನೆರೆ ಬಂದಾಗ ಸರ್ಕಾರ ಕೊಡುವ ಪರಿಹಾರವೇ ಇದು?” ಎಂದು ಕೇಳಿದಳು. 2018ರ ಆಗಸ್ಟ್ ಮಳೆಯನ್ನು ಕಂಡ ಕೊಡಗಿನಲ್ಲಿ ‘ನೆರೆ’ ಎಂದರೆ ಮೊದಲು ನೆನಪಾಗುವುದು ಕೆಂಪು ನೀರು, ಕುಸಿದ ಗುಡ್ಡ. ಪಕ್ಕದವರು ನೆನಪಾಗುವುದು ಆಮೇಲೆ. ‘ನೆರೆಯ ಕೇರಳ’, ‘ನೆರೆ ಪರಿಹಾರ’ ಎಂದು ಪತ್ರಿಕೆಗಳು ಒಂದು ‘ಯ’ಕಾರದಿಂದ ಎರಡನ್ನೂ ಬೇರೆ ಮಾಡುವಂತೆ ಕಂಡರೂ ‘ನೆರೆಯ ಹಾವಳಿ’ ಎಂದೊಡನೆ ಆ ಗೆರೆ ಅಳಿಸಿಹೋಗುತ್ತದೆ.

ನನ್ನ ಮೊದಲ ಪ್ರಶ್ನೆ ಇದು. ಹಳಗನ್ನಡದಲ್ಲಿ ‘ತುಂಬು’ ಎಂಬ ಅರ್ಥದ ‘ನೆಱೆ’ಗೆ ಶಕಟರೇಫವಿದೆ, ಅಂದರೆ ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರ; ‘ಕೂಡು, ಸೇರು’ ಎಂಬ ಅರ್ಥದ ‘ನೆರೆ’ಗೆ ಸಾದಾ ರೇಫ, ಅಂದರೆ ಇಂದಿನ ‘ರ’. ಪ್ರವಾಹದ ನೆರೆ ಮೊದಲನೆಯದರಿಂದ, ಪಕ್ಕದ ನೆರೆ ಎರಡನೆಯದರಿಂದ ಬಂದು, ಶಕಟರೇಫ ಬಳಕೆ ತಪ್ಪಿದ ಮೇಲೆ ಒಂದೇ ರೂಪ ತಾಳಿದವೇ? ‘ನೆರವಿ’ (ಜನರ ಗುಂಪು), ‘ನೆರವು’ ಕೂಡ ಎರಡನೆಯದರ ಮಕ್ಕಳೇ? ಹಾಗಿದ್ದರೆ ಪಕ್ಕದವನೂ ಅವನು ಮಾಡುವ ಸಹಾಯವೂ ಒಂದೇ ಬೇರಿನಿಂದ ಬಂದಂತಾಯಿತು. ಆಗ ಈ ಪದವನ್ನು ಕೈಬಿಡಲು ನನಗೆ ಮನಸ್ಸಾಗದು.

‘ನೆರೆನಾಡು’ ಎನ್ನೋಣವೆಂದರೆ ಇಲ್ಲಿ ನಾಡು ಎಂದರೆ ನಾಲ್ಕಾರು ಊರುಗಳ ಗುಂಪು. ಬೇಂಗುನಾಡು, ಕಡಿಯತ್ತುನಾಡು ಎಂದು ಕೇಳಿ ಬೆಳೆದ ಮಕ್ಕಳಿಗೆ ನೆರೆನಾಡು ಒಂದು ಗುಡ್ಡದಾಚೆಗೇ ಇರುತ್ತದೆ.

ಇನ್ನು ‘ಸಹಕಾರ’. ಇಲ್ಲಿನ ಬೆಳೆಗಾರರ ಕಿವಿಗೆ ಅದು ಸಾಲ, ಗೊಬ್ಬರ ಸಿಗುವ ಸಂಘ. ‘ಮುಯ್ಯಾಳು’ ಎಂಬ ಪದದ ಮೇಲೆ ತುಂಬಾ ಆಸೆಯಿತ್ತು. ಇಂದು ನಮ್ಮ ಗದ್ದೆಯ ನಾಟಿಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು, ಕೂಲಿಯ ಲೆಕ್ಕವಿಲ್ಲ. ಆದರೆ ಮುಯ್ಯಿಗೆ ಸೇಡು ಎಂಬ ಅರ್ಥವೂ ಇದೆ. ಎರಡು ಸರ್ಕಾರಗಳು ‘ಮುಯ್ಯಿ ತೀರಿಸಿದವು’ ಎಂದರೆ ಜಗಳವಾಯಿತೆಂದೇ ಓದುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ಬೇರೆ. ಮುಯ್ಯಾಳಿನಲ್ಲಿ ಗದ್ದೆಗಳು ಎರಡು, ಇಲ್ಲಿ ಕಡಲು ಒಂದೇ.

ಕಡಲಿಲ್ಲದ ಕೊಡಗಿಗೆ ಈ ಚಿಂತೆ ಏಕೆ ಎನ್ನಬೇಡಿ. ನಮ್ಮ ಬಾರಾಪೊಳೆ ಇಳಿದು ಕೇರಳದ ವಳಪಟ್ಟಣಂ ಹೊಳೆಯನ್ನು ಸೇರುತ್ತದೆ. ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗುತ್ತದೆ. ಎರಡೂ ಸೇರುವುದು ಅರಬ್ಬೀ ಸಮುದ್ರವನ್ನೇ. ಜನವರಿಯಲ್ಲಿ ಕಾಫಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ, ನಡೆಯುವಾಗ ಕೆಲವು ತೋಡುಗಳ (ಸಣ್ಣ ಹಳ್ಳಗಳ) ಬಳಿ ನಿಂತು ನೋಡಿ. ನೀರು ಕಂದು ಬಣ್ಣಕ್ಕೆ ತಿರುಗಿ, ಹುಳಿತ ಹಣ್ಣಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಅತ್ತ, ಅದೇ ಕಡಲಿನ ಒಂದೇ ಮೀನು ಕೇರಳದ ಕಡೆಯಿಂದ ಮಾಕುಟ್ಟದ ಘಾಟಿಯಲ್ಲಿ ಬಂದರೆ ‘ಮತ್ತಿ’, ಮಂಗಳೂರಿನ ಕಡೆಯಿಂದ ಸಂಪಾಜೆಯ ಘಾಟಿಯಲ್ಲಿ ಬಂದರೆ ‘ಬೂತಾಯಿ’. ಮಳೆಗಾಲದ ಮೀನುಗಾರಿಕೆ ನಿಷೇಧ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ, ಕೇರಳದ ಟ್ರಾಲಿಂಗ್ (ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವ) ನಿಷೇಧ 52 ದಿನ. ಮೀನಿಗೆ ಗಡಿಯಿಲ್ಲ, ಮರಿ ಮಾಡುವ ಕಾಲಕ್ಕೆ ಮಾತ್ರ ಎರಡು ಲೆಕ್ಕ. ಈ ಎರಡನ್ನು ಒಂದು ಮಾಡುವ ಕೆಲಸಕ್ಕೇ ನಾನು ಹೆಸರು ಹುಡುಕುತ್ತಿರುವುದು.

ಈಗ ಮನಸ್ಸು ‘ಕೂಡುಹೊಣೆ’ಯ ಕಡೆಗೆ ವಾಲಿದೆ. ‘ಕೂಡುಕುಟುಂಬ’ ಎಲ್ಲರಿಗೂ ಗೊತ್ತು. ಕೂಡುಹೊಣೆಯೂ ಅದೇ ಜಾಡಿನದು. ಸಹಕಾರವನ್ನು ಮನಸ್ಸು ಬಂದರೆ ಕೊಡಬಹುದು, ಬಾರದಿದ್ದರೆ ಬಿಡಬಹುದು. ಹೊಣೆಯನ್ನು ಹಾಗೆ ಬಿಡಲಾಗದು. ‘ಕೂಡುಗಾವಲು’ ಎಂದೂ ಯೋಚಿಸಿದೆ, ಆದರೆ ಅದರಲ್ಲಿ ಪೊಲೀಸರ ಛಾಯೆ ಹೆಚ್ಚು.

‘ಕಡಲ ಆರೋಗ್ಯ’ವೋ ‘ಕಡಲ ಸ್ವಾಸ್ಥ್ಯ’ವೋ ಎಂಬುದರ ಬಗ್ಗೆ ನನಗೆ ಹೆಚ್ಚು ಹಟವಿಲ್ಲ. ಮಣ್ಣಿನ ಆರೋಗ್ಯ ಕಾರ್ಡ್ ರೈತರ ಕೈಗೆ ಬಂದ ಮೇಲೆ ‘ಆರೋಗ್ಯ’ ಮನುಷ್ಯರಾಚೆಗೂ ಸಲೀಸಾಗಿ ಸಲ್ಲುತ್ತಿದೆ. ಅದನ್ನೇ ಉಳಿಸಿಕೊಳ್ಳುತ್ತೇನೆ.

ಕರಾವಳಿಯ ಗೆಳೆಯರಲ್ಲಿ ಒಂದು ವಿಶೇಷ ಕೋರಿಕೆ. ಊರಿನ ಮೀನುಗಾರರೆಲ್ಲ ಒಟ್ಟಾಗಿ ಮಾತಾಡಿಕೊಂಡು ಇಂತಿಷ್ಟು ದಿನ ಕಡಲಿಗೆ ಇಳಿಯುವುದಿಲ್ಲ ಎಂದು ನಿಲ್ಲಿಸಿದರೆ ಅದನ್ನು ನಿಮ್ಮಲ್ಲಿ ಏನೆನ್ನುತ್ತಾರೆ? ಅಂಥ ಪದ ಬಳಕೆಯಲ್ಲಿದ್ದರೆ ನನ್ನ ಕೂಡುಹೊಣೆಯನ್ನು ಬದಿಗಿಟ್ಟು ಅದನ್ನೇ ತಲೆಬರಹ ಮಾಡುತ್ತೇನೆ. ಹೊತ್ತಗೆ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ.