ಏರು ಹತ್ತುವಾಗ ಮೀನಖಂಡ ಹಿಡಿಯುತ್ತದೆ: ರಕ್ತನಾಳ ಗಡಸಾಗುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ)

ನಮಸ್ಕಾರ. ನಮ್ಮ ತಂದೆಯವರಿಗೆ 61 ವರ್ಷ. ತೆಳ್ಳಗಿನ ಶರೀರ, ಅಡಿಕೆಯ ಕೊನೆ ಕೊಯ್ಲಿನ ದಿನಗಳಲ್ಲಿ ಈಗಲೂ ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲೇ ಇರುತ್ತಾರೆ. ಕಳೆದ ಮಳೆಗಾಲದಿಂದ, ತೋಟದಿಂದ ಮನೆಗೆ ಬರುವ ಜಂಬಿಟ್ಟಿಗೆಯ ಮೆಟ್ಟಿಲುಗಳನ್ನು ಅರ್ಧ ಹತ್ತುವಷ್ಟರಲ್ಲಿ ಎಡಗಾಲಿನ ಮೀನಖಂಡ ಹಿಂಡಿದಂತಾಗಿ, ಪಕ್ಕದ ಹಲಸಿನ ಮರಕ್ಕೆ ಕೈಕೊಟ್ಟು ನಿಲ್ಲುತ್ತಾರೆ. ಎರಡು ನಿಮಿಷ ನಿಂತರೆ ನೋವು ಹೋಗುತ್ತದೆ, ಅಷ್ಟೇ ದೂರ ಹತ್ತಿದರೆ ಮತ್ತೆ ಬರುತ್ತದೆ. ವಾಯುವೆಂದು ತಿಳಿದು ಎಣ್ಣೆ ಹಚ್ಚಿ ತಿಕ್ಕಿದ್ದೂ ಆಯಿತು. ಶಿವಮೊಗ್ಗದಲ್ಲಿ ತೋರಿಸಿದಾಗ, ಕಾಲಿನ ರಕ್ತನಾಳ ಗಡಸಾಗಿ ಕಿರಿದಾಗಿದೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಬೀಡಿ ಬಿಟ್ಟು ಹತ್ತು ವರ್ಷವಾಗಿದೆ. ಕವಳಕ್ಕೆ ಹೊಗೆಸೊಪ್ಪು ಮಾತ್ರ ಉಳಿದಿದೆ. ಬೊಜ್ಜಿಲ್ಲದೆ ಇಷ್ಟು ದುಡಿಯುವವರಿಗೆ ಇದು ಹೇಗೆ ಬಂತು? ಹಿಂದಿನಂತೆ ಆಗುವುದುಂಟೇ?

ಉತ್ತರ 1 (ನಿವೃತ್ತ ಶುಶ್ರೂಷಕಿ, ಶಿವಮೊಗ್ಗ)

ತಂದೆಯವರ ನೋವನ್ನು ನೀವು ಗಮನಿಸಿರುವ ರೀತಿಯಲ್ಲೇ ಅರ್ಧ ಉತ್ತರವಿದೆ. ನಡೆದಾಗ ಬಂದು ನಿಂತಾಗ ಹೋಗುವ ಮೀನಖಂಡದ ನೋವು, ದುಡಿಯುವ ಸ್ನಾಯುವಿಗೆ ಬೇಕಾದಷ್ಟು ರಕ್ತ ತಲುಪುತ್ತಿಲ್ಲವೆಂಬುದರ ಸೂಚನೆ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸಿ ನೋಡುತ್ತಾರೆ. ಆ ಅನುಪಾತ 0.9ಕ್ಕಿಂತ ಕಡಿಮೆ ಇದ್ದರೆ ನಾಳ ಕಿರಿದಾಗಿದೆ ಎಂದು ತಿಳಿಯುತ್ತಾರೆ.

ಇದು ನೀರಿನ ಪೈಪಿನೊಳಗೆ ಪಾಚಿ ಕಟ್ಟಿದಂತಲ್ಲ. ಬೀಡಿಯ ಹೊಗೆ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ನಾಳದ ಒಳಪದರ ಘಾಸಿಗೊಂಡಾಗ ಕೆಟ್ಟ ಕೊಲೆಸ್ಟ್ರಾಲ್ ಗೋಡೆಯ ಒಳಗೇ ನುಗ್ಗಿ ಕೂರುತ್ತದೆ. ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತುಂಬಿಕೊಂಡು ಅಲ್ಲೇ ಉಳಿಯುತ್ತವೆ. ವರ್ಷಗಳು ಕಳೆದಂತೆ ನಾರು, ಸುಣ್ಣದಂಶ ಸೇರಿ ಗೋಡೆ ಗಡಸಾಗುತ್ತದೆ. ಹರೆಯದಲ್ಲೇ ಮೊದಲಾಗಿ ದಶಕಗಳ ಕಾಲ ಸದ್ದಿಲ್ಲದೆ ನಡೆಯುವ ಕ್ರಿಯೆಯಿದು. ತೆಳ್ಳಗಿರುವುದು, ದುಡಿಯುವುದು ಎರಡೂ ಒಳ್ಳೆಯವೇ; ಆದರೆ ಹಳೆಯ ಬೀಡಿಯ ಹಾನಿಯನ್ನು ಅವು ಅಳಿಸಲಾರವು.

ಗಡಸಾದ ನಾಳ ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಆದರೆ ಸ್ಟ್ಯಾಟಿನ್ ಮಾತ್ರೆ ಕೊಲೆಸ್ಟ್ರಾಲನ್ನು ಇಳಿಸುವುದಷ್ಟೇ ಅಲ್ಲದೆ, ಕೊಬ್ಬಿನ ಗಂಟು ಒಡೆದು ರಕ್ತ ಹೆಪ್ಪುಗಟ್ಟದಂತೆಯೂ ಕಾಯುತ್ತದೆ. ಹೃದಯಾಘಾತಕ್ಕೆ ಸಾಮಾನ್ಯವಾಗಿ ಕಾರಣವಾಗುವುದು ಹಾಗೆ ಒಡೆಯುವುದೇ. ಕಾಲಿನಲ್ಲಿ ಗೋಡೆ ಕೆಟ್ಟಿದ್ದರೆ ಹೃದಯ, ಮೆದುಳಿನ ನಾಳಗಳಲ್ಲೂ ಕೆಟ್ಟಿರುವ ಸಂಭವ ಹೆಚ್ಚು. ಆದ್ದರಿಂದ ಹೃದಯವನ್ನೂ ಪರೀಕ್ಷಿಸಿಕೊಳ್ಳಿ. ವೈದ್ಯರು ಒಪ್ಪಿದರೆ, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸವನ್ನು ವಾರಕ್ಕೆ ಕನಿಷ್ಠ ಮೂರು ದಿನ ಅರ್ಧ ಗಂಟೆಯಂತೆ ಮಾಡಿಸಿ. ತಿಂಗಳುಗಳಲ್ಲಿ ನಡೆಯಬಲ್ಲ ದೂರ ಹೆಚ್ಚುತ್ತದೆ.

ಇನ್ನೊಂದು ಮಾತು, ಇದು ನಮ್ಮ ಮಲೆನಾಡಿಗೇ ಸಂಬಂಧಿಸಿದ್ದು. ರಕ್ತ ಕಡಿಮೆ ಹರಿಯುವ ಪಾದದಲ್ಲಿ ಉಂಬಳ ಕಚ್ಚಿದ ಸಣ್ಣ ಗಾಯವೂ ಬೇಗ ಮಾಯುವುದಿಲ್ಲ. ಅವರನ್ನು ಬರಿಗಾಲಲ್ಲಿ ತೋಟಕ್ಕೆ ಕಳುಹಿಸಬೇಡಿ, ಪ್ರತಿ ಸಂಜೆ ಬೆರಳ ಸಂದುಗಳನ್ನು ನೋಡಿ.

ಉತ್ತರ 2 (ಸಾಗರದಿಂದ)

ಹೊಗೆಸೊಪ್ಪನ್ನು "ಮಾತ್ರ" ಎನ್ನಬೇಡಿ. ಅದರ ನಿಕೋಟಿನ್ ನಾಳವನ್ನು ಸಂಕುಚಿಸಿ ರಕ್ತದೊತ್ತಡವನ್ನು ಏರಿಸುತ್ತದೆ. ಉಪ್ಪಿನ ವಿಷಯದಲ್ಲಿಯೂ ಎಚ್ಚರ ಬೇಕು: ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ, ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳದ್ದೂ ಸೇರಿ. ನನ್ನ ಅಣ್ಣ ಕೊಲೆಸ್ಟ್ರಾಲ್ ಇಳಿಯಿತೆಂದು ಮಾತ್ರೆ ನಿಲ್ಲಿಸಿ, ಯಾರೋ ಹೇಳಿದ ಬೆಳ್ಳುಳ್ಳಿ ಕಷಾಯವನ್ನು ನಂಬಿದ. ಮರುವರ್ಷ ಎದೆನೋವು ಬಂದು ಸ್ಟೆಂಟ್ ಹಾಕಿಸಬೇಕಾಯಿತು. ಮಾತ್ರೆಯಿಂದಲೇ ಇಳಿದಿತ್ತೆಂಬುದು ನಮಗೆ ಆಗ ಹೊಳೆಯಲಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದೆ. ಉಪ್ಪಿನಕಾಯಿಯ ಭರಣಿ ಅಟ್ಟ ಸೇರಿದೆ. ಹೊಗೆಸೊಪ್ಪಿನ ಬಗ್ಗೆ ಅವರು ಏನೂ ಹೇಳಲಿಲ್ಲ, ಆದರೆ ಇಂದು ಊಟವಾದ ಮೇಲೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆಯನ್ನಷ್ಟೇ ಇಟ್ಟು ಮಡಚಿದರು. ಸೋಮವಾರ ಹೃದಯದ ಪರೀಕ್ಷೆಗೆ ಹೊರಡುತ್ತಿದ್ದೇವೆ.